ಕಾಣದಿದ್ದ ಹನ್ನೊಂದು ಸೆಕೆಂಡು

ಶಹಾಬಾದಿನ ಬಸ್ ನಿಲ್ದಾಣದ ಎದುರು ಬೆಳಗ್ಗೆ ಎಂಟಕ್ಕೆ ಬೊಲೆರೊ ಬಂದು ನಿಂತಿತು. ಹಿಂದಿನ ಸೀಟಿನ ತುಂಬ ತಂತಿಯ ಸುರುಳಿ, ಮೈಕಿನ ಪೆಟ್ಟಿಗೆ, ಅವುಗಳ ನಡುವೆ ಮೊಣಕಾಲು ಮಡಚಿಕೊಂಡ ತಂತ್ರಜ್ಞ ತೌಹೀದ. ನಾನು ಮುಂದೆ ಹತ್ತಿ ಕುಳಿತೆ. ಚಾಲಕನ ಮುಖ ನೋಡಲಿಲ್ಲ. ಮೂವತ್ತೇಳು ವರ್ಷ ರೇಡಿಯೋದಲ್ಲಿ ಆಟಗಳ ವೀಕ್ಷಕ ವಿವರಣೆ ಹೇಳಿದವನಿಗೆ ಮುಖ ನೋಡುವ ಅಭ್ಯಾಸ ಉಳಿದಿರುವುದಿಲ್ಲ. ಬೆನ್ನಿನ ಮೇಲಿನ ನಂಬರು ನೋಡುತ್ತೇವೆ. ಚಾಲಕನ ಬೆನ್ನು ಸೀಟಿಗೆ ಅಂಟಿತ್ತು.

ಐದು ದಿನ, ಐದು ಊರು. ರಾಜ್ಯ ಮಟ್ಟದ ಮಹಿಳೆಯರ ಕಬಡ್ಡಿ ಈ ಸಲ ನಮ್ಮ ಕಡೆಗೆ ಬಂದಿತ್ತು. ಒಂದೇ ಊರಲ್ಲಿ ನಡೆಸಬಹುದಿತ್ತು. ಆದರೆ ಐದೂ ಊರಿನ ಮುಖಂಡರಿಗೆ ಒಂದೊಂದು ಉದ್ಘಾಟನೆ ಬೇಕಾಗಿತ್ತು. ಹಾಗಾಗಿ ಮೊದಲ ದಿನ ಶಹಾಬಾದ, ಎರಡನೇ ದಿನ ವಾಡಿ, ಆಮೇಲೆ ಚಿತ್ತಾಪುರ, ಚಿಂಚೋಳಿ, ಕೊನೆಗೆ ಸೇಡಂನಲ್ಲಿ ಫೈನಲ್.

“ಇದು ಟೂರ್ನಮೆಂಟ್ ಅಲ್ಲ ಉಸ್ತಾದ್, ಬರಾತ್,” ಎಂದ ತೌಹೀದ ಹಿಂದಿನಿಂದ. “ಮದುಮಗ ಯಾರು ಅಂತ ಮಾತ್ರ ತಿಳೀವಲ್ದು.”

“ನಾನ. ಇದು ನಂದು ಕಡೀ ಬರಾತ್.”

ಅವನು ನಗಲಿಲ್ಲ. ಅವನಿಗೂ ಗೊತ್ತಿತ್ತು. ಹಿಂದಿನ ವಾರ ನಮ್ಮ ಕೇಂದ್ರದ ಕಾರ್ಯಕ್ರಮ ಅಧಿಕಾರಿ ಉಮಾದೇವಿ ಫೋನು ಮಾಡಿದ್ದರು. “ಸರ್, ಬರೋ ವರ್ಷದಿಂದ ಲೈವ್ ಇರಂಗಿಲ್ರಿ. ಸ್ಕೋರ್ ಎಲ್ಲಾರ ಮೊಬೈಲಿನಾಗ ಬರ್ತದ. ಹಿಂಗಾಗಿ ಸೇಡಂ ಫೈನಲ್ ಪೂರಾ ರೆಕಾರ್ಡ್ ಮಾಡಿ ನಿಮ್ಮ ಹೆಸರಿಲೆ ಇಡೂಣಂತ ಮಾಡೀವಿ. ಸ್ವಂತ ಮಾತು ಬ್ಯಾಡ್ರಿ. ಚೆಂದ ಹೇಳ್ರಿ.” ಚೆಂದ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು. ಮೂವತ್ತೇಳು ವರ್ಷದಲ್ಲಿ ನನ್ನ ಒಂದು ಆಟವನ್ನೂ ಯಾರೂ ರೆಕಾರ್ಡ್ ಮಾಡಿ ಇಟ್ಟಿರಲಿಲ್ಲ. ಹೇಳಿದ್ದೆಲ್ಲ ಹೇಳಿದ ಕೂಡಲೇ ಹೋಯಿತು. ನನಗದು ಬೇಕಾಗಿತ್ತು ಎಂಬುದು ಫೋನು ಇಟ್ಟ ಮೇಲೆ ಗೊತ್ತಾಯಿತು. ಎಷ್ಟು ಬೇಕಾಗಿತ್ತೆಂದರೆ, ರಾವೂರಿನ ಮನೆಯಲ್ಲಿ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ಎರಡು ದಿನ ಯಾರ ಜೊತೆಗೂ ಮಾತಾಡದೆ ಕುಳಿತೆ. ಗಂಟಲು ಉಳಿಯಲಿ ಎಂದು.

ಗಂಟಲು ಉಳಿದಿರಲಿಲ್ಲ. ಶಹಾಬಾದಿನ ಮೊದಲ ಪಂದ್ಯದಲ್ಲೇ ದನಿ ಒಡೆಯಿತು. ತೌಹೀದ ಗುಂಡಿ ತಿರುಗಿಸಿ ಏನೋ ಸರಿ ಮಾಡಿದ. “ನಿಮ್ಮ ದನಿಗೆ ಪಾಲಿಶ್ ಹಚ್ಚಾಕತ್ತೀನಿ. ಶಹಾಬಾದ್ ಫರ್ಸಿ ಕಲ್ಲು ಆಗ್ಯಾದ ಇದು, ಉಜ್ಜಿದಷ್ಟ ಹೊಳೀತದ.”

ಚಾಲಕ ಗಾಡಿಯ ಬಾಗಿಲು ತೆರೆದಿಟ್ಟುಕೊಂಡು ಒಳಗಿನ ರೇಡಿಯೋದಲ್ಲಿ ನನ್ನನ್ನೇ ಕೇಳುತ್ತಿದ್ದ. ಅಂಗಳ ಐವತ್ತು ಹೆಜ್ಜೆ ದೂರದಲ್ಲಿತ್ತು. ಎದ್ದು ಬಂದು ನೋಡಬಹುದಿತ್ತು. ನೋಡಲಿಲ್ಲ.

ಎರಡನೇ ದಿನ ವಾಡಿ. ಹುಡುಗನಾಗಿದ್ದಾಗ ನಾನು ಈ ಕೆಲಸ ಕಲಿತದ್ದು ಇಲ್ಲೇ. ಯಾರೂ ಕಲಿಸಲಿಲ್ಲ. ರಾವೂರಿನಿಂದ ಶಾಲೆಗೆ ನಡೆದು ಬರುತ್ತಿದ್ದವನು ಸಂಜೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಗೂಡ್ಸ್ ಗಾಡಿಗಳಿಗೆ ವಿವರಣೆ ಹೇಳುತ್ತಿದ್ದೆ. ಇಂಜಿನ್ನು ಬಂತು, ಕೊಕ್ಕೆ ಬಿತ್ತು, ಐವತ್ತೆಂಟು ಡಬ್ಬಿ, ಕೊನೆಯ ಡಬ್ಬಿಯ ಮೇಲೆ ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕುಳಿತಿದ್ದಾನೆ. ಕೇಳುವವರು ಯಾರೂ ಇರಲಿಲ್ಲ. ಈಗ ಯೋಚಿಸಿದರೆ, ನಾನು ತಪ್ಪಿಲ್ಲದೆ ಹೇಳಿದ್ದು ಅಷ್ಟೇ ಇರಬೇಕು.

ಆಮೇಲೆ ಎಂಬತ್ತೊಂಬತ್ತರಲ್ಲಿ ಕೇಂದ್ರದವರು ಧ್ವನಿ ಪರೀಕ್ಷೆ ಮಾಡಿ ಗುತ್ತಿಗೆಯ ಮೇಲೆ ತೆಗೆದುಕೊಂಡರು. ಪಂದ್ಯವಿದ್ದಾಗ ಕರೆಯುತ್ತಾರೆ, ಇಲ್ಲದಾಗ ಇಲ್ಲ. ಮೊದಲ ದಿನವೇ ಒಂದು ಪಾಠ ಹೇಳಿದರು: ಹತ್ತು ಸೆಕೆಂಡಿಗಿಂತ ಹೆಚ್ಚು ಮೌನ ಬೀಳಬಾರದು. ಬಿದ್ದರೆ ಕೇಂದ್ರದಲ್ಲಿ ಪಾಳಿಯಲ್ಲಿರುವವರು ಲೈನು ಸತ್ತಿದೆ ಎಂದು ತಿಳಿದು ವಾದ್ಯಸಂಗೀತ ಹಾಕುತ್ತಾರೆ. ಹಾಕಿದ್ದನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕದಲ್ಲಿ ಎರಡು ಸಲ ಹೆಸರು ಬಂದವನನ್ನು ಮೂರನೇ ಸಲ ಕರೆಯುವುದಿಲ್ಲ. ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಕಬಡ್ಡಿ, ಖೋಖೋ, ವಾಲಿಬಾಲ್, ಒಂದು ಸಲ ಸೈಕಲ್ ರೇಸು. ಸೈಕಲ್ಲುಗಳು ಎಲ್ಲೋ ಮಳಖೇಡದ ಹತ್ತಿರ ಇದ್ದಾಗ ಖಾಲಿ ರಸ್ತೆಯನ್ನೇ ನಲವತ್ತು ನಿಮಿಷ ಬಣ್ಣಿಸಿದ್ದೆ. ಒಂದು ಎಮ್ಮೆ ದಾಟಿತು. ಎಮ್ಮೆಯ ಬಗ್ಗೆ ಜನ ಇವತ್ತಿಗೂ ಕೇಳುತ್ತಾರೆ.

ವಾಡಿಯ ಪಂದ್ಯ ಮುಗಿದು ತಂತಿ ಸುತ್ತುತ್ತಿರುವಾಗ ಚಾಲಕ ಮೊದಲ ಬಾರಿ ಮಾತಾಡಿದ.

“ಸರ, ನೀವು ನೋಡಿದ್ದಷ್ಟ ಹೇಳ್ತೀರೋ, ಹೆಚ್ಚಿಗೀನೂ ಹೇಳ್ತೀರೋ?”

“ಹೆಚ್ಚಿಗಿ ಹೇಳದಿದ್ರ ರೇಡಿಯೋ ಯಾರು ಕೇಳ್ತಾರಪಾ,” ಎಂದೆ. ನಾನು ದಣಿದಿದ್ದೆ. ಉತ್ತರ ಸಿದ್ಧವಾಗಿತ್ತು. ಬಹಳ ಜನರಿಗೆ ಹೇಳಿದ ಉತ್ತರ ಅದು.

ಅವನು ತಲೆಯಾಡಿಸಿ ಸುರುಳಿಯನ್ನು ಎಡಗೈಯಿಂದ ಎತ್ತಿ ಗಾಡಿಗೆ ಹಾಕಿದ. ಬಲಗೈ ಭುಜದ ಮೇಲಕ್ಕೆ ಹೋಗುತ್ತಿರಲಿಲ್ಲ. ಅದನ್ನೂ ನಾನು ನೋಡಿದೆ. ಒಂದು ಸಂಗತಿ ಎಂದು ಎಣಿಸಲಿಲ್ಲ.

ಚಿತ್ತಾಪುರದ ದಿನ ಕಳೆಯಿತು. ನಾಲ್ಕನೇ ಬೆಳಗ್ಗೆ ಚಿಂಚೋಳಿಗೆ ಹೊರಟೆವು. ದಾರಿ ಉದ್ದ, ಎರಡೂ ಕಡೆ ಕೊಯ್ದು ಒಟ್ಟಿದ ತೊಗರಿ. ತೌಹೀದನಿಗೆ ನಿದ್ದೆ ಬರುತ್ತಿರಲಿಲ್ಲ. “ಉಸ್ತಾದ್, ಒಂದು ಮಸ್ತ್ ಕಿಸ್ಸಾ ಹೇಳ್ರಿ. ನಿಮ್ಮ ಕಾಲದ್ದು.”

ನನ್ನ ಬಳಿ ಆರೇಳು ಕಿಸ್ಸಾಗಳಿವೆ. ಎಮ್ಮೆಯದು ಹೇಳಿಯಾಗಿತ್ತು. ಹನ್ನೊಂದು ಸೆಕೆಂಡಿನದು ತೆಗೆದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಬೇಕು ಎಂಬುದು ಬಾಯಿಪಾಠವಾಗಿತ್ತು.

“ತೊಂಬತ್ನಾಲ್ಕು. ಶಹಾಬಾದ್‌ನಾಗ ಗಂಡಸರ ಫೈನಲ್. ಮಣ್ಣಿನ ಅಂಗಳ, ಸುತ್ತ ಕಟ್ಟಿದ ಹಗ್ಗ, ನನಗ ಒಂದು ಮುರಕಾ ಟೇಬಲ್. ನಮ್ಮ ತಂಡ ಒಂದು ಪಾಯಿಂಟ್ ಹಿಂದ. ಕಡೀ ರೈಡು. ನಮ್ಮ ಹುಡುಗ ಹೋದ. ಒಬ್ಬನ್ನ ಮುಟ್ಟಿದ, ಅದು ಕಂಡೆ. ತಿರುಗಿದ, ಅದೂ ಕಂಡೆ. ಅಷ್ಟರಾಗ ಮುಂದಿನ ಮಂದಿ ಎದ್ದು ನಿಂತರು ನೋಡು. ಬರೇ ಬೆನ್ನು, ಧೋತರ, ಟಾವೆಲ್ಲು. ಏನೂ ಕಾಣವಲ್ದು.”

“ಮತ್ತ?”

“ಮತ್ತೇನು, ಎಣಿಸಾಕತ್ತೆ. ಒಂದು, ಎರಡು, ಮೂರು. ಬಾಯಿ ಮಾತ್ರ ನಿಲ್ಲಿಸಲಿಲ್ಲ, ಜನ ಹಂಗ ಜನ ಹಿಂಗ ಅಂತ ಹೊಡದೆ. ಏಳು, ಎಂಟು. ಸೀಟಿ ಆಯ್ತು. ಮಂದಿ ನಡು ಒಂದು ಸಂದಿ ಬಿತ್ತು. ನೋಡ್ತೀನಿ, ಹುಡುಗ ಅಂಗಳದ ಬದಿಗೆರಿ ಹೊರಗ ಬಿದ್ದಾನ. ನಮ್ಮ ಕಡೆ ಸೋತೈತಿ, ಅದು ಗೊತ್ತಾಯ್ತು. ಹ್ಯಾಂಗ ಸೋತ, ಅದು ಗೊತ್ತಿಲ್ಲ. ಹನ್ನೊಂದು ಸೆಕೆಂಡು ತೌಹೀದ. ಲೈನ್ ಸುಮ್ಮ ಬಿಟ್ಟರ ಸಂತೂರ್ ಹಾಕ್ತಾರ. ಆಗ ಅಂದುಬಿಟ್ಟೆ: ‘ಅಯ್ಯೋ, ಅಂಜಿದರು ಕೇಳುಗರೇ, ಎದುರಾಳಿ ಹಿಡಿಯುವ ಮೊದಲೇ ಅಂಜಿ ಗೆರೆಯಾಚೆ ಕಾಲಿಟ್ಟರು!’”

ತೌಹೀದ ತೊಡೆ ತಟ್ಟಿದ. “ಖರೇ ಏನಾಗಿತ್ತು?”

“ಸಂಜೀಕ ಸ್ಕೋರ್ ಬರಿಯೋನು ಹೇಳಿದ. ಮೂರು ಮಂದಿ ಹಿಡ್ದಿದ್ರಂತ. ಈತ ಮೂವರನ್ನೂ ಎಳ್ಕೊಂಡು ಬಂದು, ನಡುಗೆರಿ ಎರಡು ಗೇಣು ಇದ್ದಾಗ ದಮ್ಮು ಮುರೀತಂತ. ರೆಫ್ರಿ ಸೀಟಿ ಹೊಡದ ಮ್ಯಾಲ ಎಲ್ಲಾರೂ ಉಳ್ಳಿ ಗೆರಿ ಹೊರಗ ಬಿದ್ರಂತ. ಆದ್ರ ಸ್ಕೋರ್ ಮಾತ್ರ ಒಂದಂಕಿ ತಪ್ಪಿರಲಿಲ್ಲ ನೋಡಪಾ. ಇದಕ್ಕಂತಾರ ಕಸಬು ಅಂತ.”

ಇಲ್ಲಿ ನಗಬೇಕಿತ್ತು. ನಕ್ಕೆವು. ಗಾಡಿ ನಿಧಾನವಾಯಿತು, ರಸ್ತೆಯ ಪಕ್ಕ ಇಳಿಯಿತು, ನಿಂತಿತು. ಚಾಲಕ ಕೀಲಿ ತಿರುಗಿಸಿ ಇಂಜಿನ್ನು ಆರಿಸಿದ.

“ಏನಾಯ್ತು, ಬಿಸಿ ಆಗ್ಯಾದೇನು?” ಎಂದ ತೌಹೀದ.

“ಇಲ್ರಿ.” ಅವನು ಮುಂದಿನ ಗಾಜು ನೋಡುತ್ತಿದ್ದ. “ಸರ, ಆ ಹುಡುಗನ ಹೆಸರು ಹೇಳಲಿಲ್ಲ ನೀವು.”

“ಏನೋ ಭೀಮ... ದಂಡೋತಿ ಕಡಿಯಾವ.”

“ಭೀಮಶ್ಯಾ ಅಂತ ರೀ.” ಆಮೇಲೆ ಗಾಡಿಯ ಬಗ್ಗೆ ಹೇಳುವಷ್ಟೇ ತಣ್ಣಗೆ, “ನಾನರಿ,” ಎಂದ.

ಆಗ ಮುಖ ನೋಡಿದೆ. ಐವತ್ತು ದಾಟಿದ ಮುಖ. ಕಪ್ಪು ಮೀಸೆ, ಬಿಳಿ ಹುಬ್ಬು. ಇಪ್ಪತ್ತರ ಹುಡುಗನನ್ನು ಅದರೊಳಗೆ ಹುಡುಕಿದೆ. ಸಿಗಲಿಲ್ಲ. ಅವನ ನಂಬರು ಮಾತ್ರ ನೆನಪಿಗೆ ಬಂತು: ನಾಲ್ಕು.

ಏನಾದರೂ ಹೇಳಬೇಕಿತ್ತು. ಹೇಳುವುದೇ ನನ್ನ ಕಸಬು. “ನನಗ ಗೊತ್ತಿದ್ದಿಲ್ಲಪಾ,” ಎಂದೆ. ಇದೂ ಸುಳ್ಳು, ಅದೇ ಸಂಜೆ ಗೊತ್ತಾಗಿತ್ತೆಂದು ಈಗಷ್ಟೇ ನಾನೇ ಹೇಳಿದ್ದೆ.

“ನೀವು ಬೈಗುಳ ತಿನ್ನಬೇಕಂತ ನಾ ಗಾಡಿ ನಿಲ್ಲಿಸಿಲ್ರಿ,” ಎಂದ ಭೀಮಶ್ಯಾ. “ಈ ಡ್ಯೂಟಿ ಬ್ಯಾರೇದಾವಂದು. ನಿಮ್ಮ ಹೆಸರು ಕೇಳಿ ನಾ ಬದಲ್ ಮಾಡ್ಕೊಂಡೆ. ಮೂರು ದಿನ ಆಯ್ತು, ಹ್ಯಾಂಗ ಕೇಳ್ಬೇಕಂತ ತಿಳೀದ ಸುಮ್ಮಿದ್ದೆ. ಇವತ್ತ ನೀವ ತಗದ್ರಿ.”

“ಏನು ಕೇಳ್ಬೇಕು?”

“ನಮ್ಮವ್ವ ಅದಾಳ್ರಿ ದಂಡೋತ್ಯಾಗ. ಹಣಮವ್ವ ಅಂತ. ಅವತ್ತ ಓಣಿ ಮಂದೀನೆಲ್ಲ ಕೂಡಿಸಿ ರೇಡಿಯೋ ಮುಂದ ಕುಂತಿದ್ದಳು. ನಾ ಭುಜದ ಎಲುವು ಮುರ್ಕೊಂಡು ಮನೀಗಿ ಬಂದ್ರ, ‘ಅಂಜಬಾರದಿತ್ತು ಮಗಾ’ ಅಂದಳು. ಅಂಜಿಲ್ಲವ್ವಾ ಅಂದೆ. ಹಿಂಗಿಂಗ ಆಯ್ತಂದೆ. ಆಕಿ ಏನಂದಳು ಗೊತ್ತೇನ್ರಿ? ‘ರೇಡಿಯೋದವರಿಗೇನು ನಿನ್ನ ಮ್ಯಾಲ ಸಿಟ್ಟದ ಏನು, ಸುಳ್ಳ ಹೇಳಾಕ?’” ಅವನು ಒಂದು ಕ್ಷಣ ನಕ್ಕ. “ಖರೆ ಅದ. ನಿಮಗ ನನ್ನ ಮ್ಯಾಲ ಏನೂ ಸಿಟ್ಟಿದ್ದಿಲ್ಲ.”

ಊರಲ್ಲಿ ಅವನನ್ನು ಗೆರಿ ಭೀಮಶ್ಯಾ ಎಂದು ಕರೆದರಂತೆ. ಹತ್ತು ವರ್ಷ ಕರೆದರು, ಆಮೇಲೆ ಕರೆಯುವವರೂ ಮರೆತರು. ಫ್ಯಾಕ್ಟರಿಯ ತಂಡದವರು ತೆಗೆದುಕೊಳ್ಳುತ್ತೇವೆ ಅಂದವರು ತೆಗೆದುಕೊಳ್ಳಲಿಲ್ಲ. “ಅದು ಕೈ ಮುರ್ದಿದ್ದಕ್ಕ. ಅದನ್ನ ನಿಮ್ಮ ಮ್ಯಾಲ ಹಾಕಂಗಿಲ್ಲ ನಾ.” ತಾಯಿ ಮಾತ್ರ ಮರೆಯಲಿಲ್ಲ. ಬೈಯಲೂ ಇಲ್ಲ. ಮಗ ಏನು ಹೇಳಿದರೂ ಹೂಂ ಎನ್ನುತ್ತಾಳೆ, ನಂಬಿದಳೋ ಇಲ್ಲವೋ ಗೊತ್ತಾಗುವುದಿಲ್ಲ. ಮೂವತ್ತೆರಡು ವರ್ಷ.

“ಒಂದ ಮಾತು, ಸರ. ಸೇಡಂ ಫೈನಲ್‌ನಾಗ ಹೇಳ್ರಿ. ನಾ ಹೇಳಿದ್ದು ಆಕಿ ನಂಬಂಗಿಲ್ಲ. ರೇಡಿಯೋ ಹೇಳಿದ್ರ ನಂಬ್ತಾಳ. ಎಂಟತ್ತು ದಿನದಿಂದ ಉಸಿರು ಹಿಡೀಲಿಕತ್ತದ ಆಕಿಗಿ. ಮುಂದಿನ ಸಲ ಅಂದ್ರ, ಮುಂದಿನ ಸಲ ರೇಡಿಯೋನೂ ಇಲ್ಲ ಅಂತೀರಿ.”

ನಾನು ನೋಡೋಣ ಎಂದೆ. ಅವನು ಇಂಜಿನ್ನು ಚಾಲೂ ಮಾಡಿದ.

ಚಿಂಚೋಳಿಯಲ್ಲಿ ಸೆಮಿಫೈನಲ್ಲುಗಳು. ಏನು ಹೇಳಿದೆನೋ ನೆನಪಿಲ್ಲ. ದಣಿವು ವಿಚಿತ್ರವಾಗಿತ್ತು, ಮೈಯದಲ್ಲ, ಶಬ್ದಗಳದ್ದು. “ಮಿಂಚಿನ ವೇಗ” ಎಂದೆ, ಅದು ಎಷ್ಟನೇ ಮಿಂಚು ಎಂದು ಲೆಕ್ಕ ಹಾಕಿದೆ. “ಸಿಂಹಿಣಿಯಂತೆ” ಎಂದೆ. ಆ ಹುಡುಗಿ ಬೀದರ ಕಡೆಯ ಒಬ್ಬ ಹುಡುಗಿ, ಮೊಣಕಾಲಿಗೆ ಪಟ್ಟಿ, ಆಟದ ನಡುವೆ ಹುಳುಕು ಹಲ್ಲು ನಾಲಿಗೆಯಿಂದ ಮುಟ್ಟಿಕೊಳ್ಳುತ್ತಿದ್ದಳು. ಅದನ್ನು ನಾನು ಹೇಳಲಿಲ್ಲ. ಕಂಡದ್ದನ್ನು ಬಿಟ್ಟು ಕಾಣದ್ದನ್ನು ಹೇಳುತ್ತಿದ್ದೆ. ಎಷ್ಟು ವರ್ಷದಿಂದ?

ಊಟಕ್ಕೆ ಕುಳಿತಾಗ ತೌಹೀದ ರೊಟ್ಟಿ ಮುರಿಯುತ್ತ ಕೇಳಿದ, “ಹೇಳ್ತೀರೇನು?”

“ಉಮಾದೇವಿ ಮೇಡಂ ಸ್ವಂತ ಮಾತು ಬ್ಯಾಡ ಅಂದಾರ. ಮ್ಯಾಲ ರೆಕಾರ್ಡಿಂಗ್.”

“ಹಾಂ. ರೆಕಾರ್ಡಿಂಗ್.” ಅವನು ನನ್ನ ಕಡೆ ನೋಡಲಿಲ್ಲ. “ನಾ ಒಂದು ಮಾತು ಅನ್ನಲೇನು? ನಾನೂ ನಕ್ಕೆ ಆ ಕಿಸ್ಸಾಕ್ಕ. ಆತ ಸ್ಟೇರಿಂಗ್ ಹಿಡ್ಕೊಂಡು ಕೇಳಿದ. ನನಗ ರೊಟ್ಟಿ ಇಳೀವಲ್ದು.” ಆದರೂ ಅವನು ನಾಲ್ಕು ರೊಟ್ಟಿ ತಿಂದ.

ನಾನು ಹೇಳಬಾರದು ಎಂದು ತೀರ್ಮಾನಿಸಿದ್ದೆ. ನಿಜ ಹೇಳುತ್ತೇನೆ. ಮನೆಯಲ್ಲಿ ಮೊಮ್ಮಕ್ಕಳಿಗೆ ಕೇಳಿಸಲು, ನಾನು ಸತ್ತ ಮೇಲೆ ಕೇಂದ್ರದವರು ಎರಡು ನಿಮಿಷ ಹಾಕಲು, ಒಂದೇ ಒಂದು ಆಟ ಉಳಿಯುತ್ತದೆ. ಅದರೊಳಗೆ ನಾನೇ ಎದ್ದು ನಿಂತು, ನಾನು ಸುಳ್ಳುಗಾರ ಎಂದು ಹೇಳಬೇಕೆ? ದಂಡೋತಿಗೆ ಹೋಗಿ ಆ ತಾಯಿಗೆ ನೇರವಾಗಿ ಹೇಳಿದರಾಯಿತು. ಅದೇ ಮರ್ಯಾದೆಯ ದಾರಿ. ಹಾಗೆ ನನಗೆ ನಾನೇ ವಿವರಣೆ ಹೇಳಿಕೊಂಡೆ, ಒಂದು ಸೆಕೆಂಡೂ ಮೌನ ಬಿಡದೆ.

ಸೇಡಂ. ಐದನೇ ದಿನ, ಮಧ್ಯಾಹ್ನ ಮೂರೂವರೆ. ಮೈದಾನದ ನಡುವೆ ಹೊಸ ಮ್ಯಾಟು, ಸುತ್ತ ಶಾಮಿಯಾನ, ಅಲುಗಾಡುವ ಗ್ಯಾಲರಿ. ನನ್ನ ಟೇಬಲ್ಲನ್ನು ಮುಖಂಡರ ಸೋಫಾಗಳ ಹಿಂದೆ ಹಾಕಿದ್ದರು. ಸೋಫಾದವರು ಕುಳಿತಿದ್ದರೆ ಎಲ್ಲ ಕಾಣುತ್ತದೆ.

ಭೀಮಶ್ಯಾ ಗಾಡಿಯನ್ನು ನೆರಳಿಗೆ ನಿಲ್ಲಿಸಿ ಬಂದು ತಂತಿಯ ತುದಿ ತೌಹೀದನಿಗೆ ಕೊಟ್ಟ. “ಮನೀಗಿ ಫೋನ್ ಹಚ್ಚಿದ್ದೆ. ಸಪ್ನಾ ಅವ್ವಗ ಹಚ್ಚಿ ಕೊಟ್ಟಾಳ ರೇಡಿಯೋ,” ಎಂದ. ಸಪ್ನಾ ಅವನ ಮಗಳು. ಇಷ್ಟು ಹೇಳಿ ಹೋದ. ನೆನಪಿಸಲಿಲ್ಲ, ಕೈ ಮುಗಿಯಲಿಲ್ಲ. ಮುಗಿದಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸುಲಭವಾಗುತ್ತಿತ್ತು.

ಆಟ ಚೆನ್ನಾಗಿತ್ತು. ನಮ್ಮ ವಿಭಾಗದ ಹುಡುಗಿಯರು, ಎದುರಿಗೆ ಮೈಸೂರು ಕಡೆಯವರು. ನನ್ನ ದನಿ ಎಲ್ಲಿಂದಲೋ ಬಂದು ಕುಳಿತಿತು. ಹದಿನೈದು ವರ್ಷದಿಂದ ಹಾಗೆ ಹೇಳಿರಲಿಲ್ಲ. ತೌಹೀದ ಹೆಬ್ಬೆರಳು ಎತ್ತಿದ. ಅರ್ಧ ಸಮಯ ಬಂತು. ಐದು ನಿಮಿಷ ನಾನೇ ತುಂಬಿಸಬೇಕು. ಇದು ಜಾಗ, ಇಲ್ಲಿ ಹೇಳಬಹುದು ಎಂದು ಅವನು ಹುಬ್ಬು ಏರಿಸಿದ. ನಾನು ಸೇಡಂನ ಕಲ್ಲಿನ ಬಗ್ಗೆ, ತೊಗರಿಯ ಬಗ್ಗೆ, ಬಂದಿರುವ ಗಣ್ಯರ ಬಗ್ಗೆ ಮಾತಾಡಿದೆ. ಐದು ನಿಮಿಷ ಮುಗಿಯಿತು. ತೌಹೀದ ಹುಬ್ಬು ಇಳಿಸಿ ತಂತಿ ನೋಡತೊಡಗಿದ.

ಕೊನೆಯ ನಿಮಿಷ. ಇಪ್ಪತ್ತೇಳು, ಇಪ್ಪತ್ತೆಂಟು, ನಾವು ಒಂದು ಹಿಂದೆ. ಏಳನೇ ನಂಬರಿನ ಹುಡುಗಿ ರೈಡಿಗೆ ಹೊರಟಳು. ಸಣ್ಣ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಜಡೆ. ಎಡಕ್ಕೆ ಹೋದಳು. ಬೋನಸ್ ಗೆರೆ ನೋಡಿದಳು. ಒಬ್ಬಳ ಮಣಿಕಟ್ಟು ಮುಟ್ಟಿದಳು, ತಿರುಗಿದಳು. ಸೋಫಾದವರು ಎದ್ದು ನಿಂತರು.

ಬೆನ್ನುಗಳು. ಬಿಳಿ ಅಂಗಿ, ಹೆಗಲ ಮೇಲಿನ ಶಾಲು, ಮೇಲೆತ್ತಿದ ಮೊಬೈಲುಗಳು.

ಬಾಯಿ ತಾನೇ ನಡೆಯಿತು. ಜನಸ್ತೋಮ, ಉತ್ಸಾಹ, ಕಿವಿಗಡಚಿಕ್ಕುವ. ನಾನು ಎಣಿಸುತ್ತಿದ್ದೆ. ಮೂರು, ನಾಲ್ಕು. ಸೀಟಿ. ಕೂಗು. ಕೂಗು ಗೆದ್ದದ್ದೋ ಸೋತದ್ದೋ ತಿಳಿಯದಂಥದ್ದು. ಎರಡು ಬೆನ್ನುಗಳ ನಡುವೆ ಸಂದಿ ಬಿದ್ದಿತು. ಏಳನೇ ನಂಬರಿನ ಬೆನ್ನು ಅಂಗಳದ ಬದಿಗೆರೆಯ ಆಚೆ, ನೆಲದ ಮೇಲೆ. ಸಂದಿ ಮುಚ್ಚಿತು.

ವಾಕ್ಯ ಬಾಯಿಗೆ ಬಂದಾಗಿತ್ತು. ಅದೇ ವಾಕ್ಯ. ಮೂವತ್ತೆರಡು ವರ್ಷ ಅದು ಅಲ್ಲೇ, ಹಲ್ಲಿನ ಹಿಂದೆ ಕುಳಿತಿತ್ತು. ನಾಲಿಗೆಗೆ ಅದರ ತೂಕ ತಿಳಿಯಿತು. ಆ ಹುಡುಗಿಗೆ ಎಲ್ಲೋ ಒಂದು ಮನೆಯಿದೆ. ಅಲ್ಲೊಂದು ರೇಡಿಯೋ ಇರಬಹುದು.

“ಕೇಳುಗರೇ,” ಎಂದೆ, “ಜನ ಎದ್ದು ನಿಂತಿದ್ದಾರೆ. ನನಗೆ ಕಾಣುತ್ತಿಲ್ಲ.”

ತೌಹೀದ ತಲೆ ಎತ್ತಿದ.

“ಏಳನೇ ನಂಬರಿನ ಆಟಗಾರ್ತಿ ಹೊರಗೆ ಬಿದ್ದಿದ್ದಾರೆ. ಹೇಗೆ ಬಿದ್ದರು ನನಗೆ ಗೊತ್ತಿಲ್ಲ. ಅಂಪೈರುಗಳು ಸೇರಿ ಮಾತಾಡುತ್ತಿರುವಂತಿದೆ. ಗೊತ್ತಾಗುವವರೆಗೆ ನಾನು ಹೇಳುವುದಿಲ್ಲ. ಹಿಂದೊಮ್ಮೆ ಹೇಳಿದ್ದೆ.”

ನಿಲ್ಲಿಸಿದೆ. ಒಂದು, ಎರಡು, ಮೂರು. ಪೆಟ್ಟಿಗೆಯ ಮೇಲೆ ಸೂಜಿ ಜನರ ಕೂಗಿಗೆ ಮಾತ್ರ ಅಲುಗಾಡುತ್ತಿತ್ತು.

“ತೊಂಬತ್ತನಾಲ್ಕರಲ್ಲಿ ಶಹಾಬಾದಿನ ಫೈನಲ್ಲಿನಲ್ಲಿ ಹೀಗೇ ಜನ ಎದ್ದರು. ಹನ್ನೊಂದು ಸೆಕೆಂಡು ನನಗೆ ಏನೂ ಕಾಣಲಿಲ್ಲ. ಆಗ ನಾನು, ದಂಡೋತಿಯ ಭೀಮಶ್ಯಾ ಅಂಜಿ ಗೆರೆ ದಾಟಿದರು ಎಂದೆ. ಅವರು ಅಂಜಿರಲಿಲ್ಲ. ಮೂವರು ಹಿಡಿದಿದ್ದರು. ಭುಜ ಮುರಿದರೂ ಮೂವರನ್ನೂ ಎಳೆದುಕೊಂಡು ನಡುಗೆರೆಯ ಹತ್ತಿರ ಬಂದರು. ಎರಡು ಗೇಣು ಉಳಿದಿತ್ತು. ದಮ್ಮು ಮುಗಿಯಿತು. ಅದನ್ನು ನಾನು ನೋಡಲಿಲ್ಲ. ನೋಡಿದವರು ಅದೇ ಸಂಜೆ ಹೇಳಿದರು. ತಿದ್ದಬಹುದಿತ್ತು. ತಿದ್ದಲಿಲ್ಲ. ನಾನು ಮಡಿವಾಳಯ್ಯ. ಅವತ್ತು ರೇಡಿಯೋದಲ್ಲಿ ಹೇಳಿದ್ದು ಸುಳ್ಳು.”

ಅಷ್ಟೊತ್ತಿಗೆ ಸೋಫಾದ ಮುಂದೆ ಪಟಾಕಿ ಸಿಡಿಯಿತು. ಬೆನ್ನುಗಳು ಕುಣಿಯತೊಡಗಿದವು. ಮೇಲೆ ಫಲಕದಲ್ಲಿ ಅಂಕಿ ಬದಲಾಗಿತ್ತು: ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಹುಡುಗಿ ಇಬ್ಬರನ್ನು ಮುಟ್ಟಿ, ನಡುಗೆರೆ ದಾಟಿ ಬಂದು, ಓಡಿದ ರಭಸಕ್ಕೆ ಹೊರಗೆ ಬಿದ್ದಿದ್ದಳಂತೆ. ನಾವು ಗೆದ್ದೆವೆಂದು ಕೇಳುಗರಿಗೆ ಪಟಾಕಿಯೇ ಮೊದಲು ಹೇಳಿತು. ನಾನು ಆಮೇಲೆ ಹೇಳಿದೆ. ನನ್ನ ಕೊನೆಯ ಆಟದ ಗೆಲುವಿನ ಪಾಯಿಂಟು ನನ್ನ ಬಾಯಲ್ಲಿ ಇಲ್ಲ.

ಉಮಾದೇವಿಯವರ ಫೋನು ತಂತಿ ಸುತ್ತುವ ಮೊದಲೇ ಬಂತು. “ಏನ್ ಮಾಡಿದ್ರಿ ಸರ್? ಗೆದ್ದ ಪಾಯಿಂಟ್ ಹೋಯ್ತಲ್ರಿ! ಈ ರೆಕಾರ್ಡಿಂಗ್ ಹ್ಯಾಂಗ ಇಡಬೇಕು ನಾವು?”

“ಇಡಬ್ಯಾಡ್ರಿ ಮೇಡಂ,” ಎಂದೆ. ಆಮೇಲೆ, “ಮನೀಗಿ ಹೋಗಿ ಆರಾಮ್ ತಗೋರಿ,” ಎಂದರು, ಬೇರೆ ದನಿಯಲ್ಲಿ.

ಭೀಮಶ್ಯಾ ಗಾಡಿಯಲ್ಲಿ ಸ್ಟೇರಿಂಗ್ ಹಿಡಿದು ಕುಳಿತಿದ್ದ. ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಶುರುವಾಗಿತ್ತು. ನಾನು ಹತ್ತಿದ ಮೇಲೆ ಅವನು ಅದನ್ನು ಆರಿಸಿದ.

“ಒಂದ್ ತಾಸು ಆಗ್ತದ ದಂಡೋತಿಗಿ,” ಎಂದ.

“ನಡಿ.”

ಮಳಖೇಡ ದಾಟಿದೆವು. ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯ ಗೇಟಿನಿಂದ ಪಾಳಿ ಬಿಟ್ಟವರು ಸೈಕಲ್ ಮೇಲೆ ಬರುತ್ತಿದ್ದರು. ಬಿಸಿಲು ಹಳದಿಯಾಗಿ ಇಳಿಯುತ್ತಿತ್ತು. ಮೂವರಲ್ಲಿ ಯಾರೂ ಮಾತಾಡಲಿಲ್ಲ. ಹತ್ತು ಸೆಕೆಂಡು ಎಷ್ಟೋ ಸಲ ಕಳೆಯಿತು, ಎಣಿಸುವುದನ್ನು ಬಿಟ್ಟೆ.

ಹಣಮವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತು ಮೊರದಲ್ಲಿ ತೊಗರಿ ಆರಿಸುತ್ತಿದ್ದಳು. ಪಕ್ಕದಲ್ಲಿ ಅಂಗೈಯಗಲದ ನೀಲಿ ಸ್ಪೀಕರ್. ಈಗಿನ ಹುಡುಗರು ಹಾಡು ಕೇಳುವಂಥದ್ದು, ಅದರಲ್ಲೇ ರೇಡಿಯೋ. ಉಸಿರು ಎಳೆದಾಗ ಸಣ್ಣ ಸೀಟಿಯಂಥ ಶಬ್ದ ಬರುತ್ತಿತ್ತು. ತೌಹೀದ ಗಾಡಿಯಲ್ಲೇ ಉಳಿದ.

“ಬರ್ರಿ, ಕುಂದ್ರಿ,” ಎಂದಳು, ಯಾರೆಂದು ಕೇಳದೆ.

“ನಾ ರೇಡಿಯೋದವ, ಯವ್ವ,” ಎಂದೆ.

ಅವಳು ಮೊರ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ದನಿ ದೊಡ್ಡದಿತ್ತು. ಮನಷ್ಯಾ ಇಷ್ಟ ಸಣ್ಣಾವ ಇದ್ದೀರಿ?”

ಒಳಗಿನಿಂದ ಸಪ್ನಾ ನಕ್ಕಳು. ಭೀಮಶ್ಯಾ ನಗಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ಎಡಗೈಯಿಂದ.

“ಇವತ್ತ ನಾ ಹೇಳಿದ್ದು ಕೇಳಿದಿ ಏನವ್ವ?”

“ಕೇಳ್ದೆ.”

“ಅವತ್ತ ನಾ ಹೇಳಿದ್ದು ಸುಳ್ಳು. ನಿನ್ನ ಮಗ ಅಂಜಿದ್ದಿಲ್ಲ.”

“ಕೇಳ್ದೆ ಅಂದೆಲ್ರಿ.” ಉಸಿರು ಸೀಟಿ ಹೊಡೆಯಿತು. “ಅವತ್ತೂ ನೀವ ಹೇಳಿದ್ರಿ. ಇವತ್ತೂ ನೀವ ಹೇಳಿದ್ರಿ. ಅದ ದನಿ. ಅವತ್ತ ನೋಡಲಾರ್ದ ಹೇಳಿದ್ರಿ. ಇವತ್ತರ ನೋಡಿ ಹೇಳಿದ್ರೇನು?”

“ಇಲ್ಲ. ಮಂದಿ ಹೇಳಿದ್ದು ಹೇಳಿದೆ.”

“ಹಂಗಾದ್ರ ನಾ ಯಾವ್ದು ಹಿಡೀಲಿ?”

ಮೂವತ್ತೆರಡು ವರ್ಷ ನಂಬಿದ ಒಂದು ವಸ್ತುವನ್ನು ನಾನೇ ಮಧ್ಯಾಹ್ನ ಒಡೆದುಹಾಕಿ, ಸಂಜೆ ಅದರ ಚೂರಿನಲ್ಲಿ ನೀರು ಕೊಡಲು ಬಂದಿದ್ದೆ. ಭೀಮಶ್ಯಾನ ಮುಖ ನೋಡಲಾಗಲಿಲ್ಲ.

“ಅವ್ವಾ,” ಎಂದ ಅವನು, “ಅವರು ಅಷ್ಟು ಮಂದಿ ಮುಂದ...”

“ನೀ ಸುಮ್ಕಿರು.” ಅವಳು ಸ್ಪೀಕರನ್ನು ಎತ್ತಿ ಅದರ ಹಿಂದೆ ಮುಂದೆ ನೋಡಿದಳು, ಬೆರಳಿನಿಂದ ಒಂದು ಗುಂಡಿ ಹುಡುಕಿ ಒತ್ತಿದಳು. ಅದರ ಸಣ್ಣ ನೀಲಿ ದೀಪ ಆರಿತು. ತುಂಬ ಹೊತ್ತು ಆ ಆರಿದ ದೀಪ ನೋಡುತ್ತಿದ್ದಳು.

“ಇಲ್ಲ, ಸುಮ್ಕಿರಬ್ಯಾಡ,” ಎಂದಳು. “ಇಲ್ಲಿ ಬಾ. ಕುಂದ್ರು. ಅವತ್ತಿಂದು ನೀ ಹೇಳು.”

“ನಾ ಅವತ್ತ ಹೇಳಿದ್ದೆ.”

“ಅವತ್ತ ನನ್ನ ಕಿವ್ಯಾಗ ಇವರ ದನಿ ಇತ್ತು. ಈಗ ಹೇಳು. ಎಲ್ಲಿ ಮುರೀತು, ತೋರಿಸು.”

ಅವನು ಬಂದು ಅವಳ ಎದುರು ನೆಲದ ಮೇಲೆ ಕುಳಿತ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ. ಅವಳು ಬೆರಳಿಟ್ಟು ಎಲುಬಿನ ಗಂಟನ್ನು ಮುಟ್ಟಿದಳು, ಬೆರಳು ತೆಗೆಯಲಿಲ್ಲ. ಅವನು ಹೇಳತೊಡಗಿದ.

ಕೆಟ್ಟದಾಗಿ ಹೇಳಿದ. ನಡುವಿನಿಂದ ಶುರು ಮಾಡಿದ, ಹಿಂದಕ್ಕೆ ಹೋದ, ಸ್ಕೋರು ಹೇಳುವುದನ್ನೇ ಮರೆತ. ಮಣ್ಣು ಬಾಯೊಳಗೆ ಹೋದದ್ದು, ಒಬ್ಬನ ಕೈಯಲ್ಲಿ ಬೆವರಿನ ವಾಸನೆ ಇದ್ದದ್ದು, ಕಬಡ್ಡಿ ಕಬಡ್ಡಿ ಅನ್ನುತ್ತ ಅನ್ನುತ್ತ ಕೊನೆಗೆ ಬಾಯಲ್ಲಿ ಬರೀ ಗಾಳಿ ಉಳಿದದ್ದು. ನಡುನಡುವೆ ನಿಂತ. ಐದು ಸೆಕೆಂಡು, ಹದಿನೈದು ಸೆಕೆಂಡು. ಅವಳು ಕಾಯ್ದಳು. “ಇನ್ನಾ ಎರಡು ನಿಮಿಷ ಇತ್ತು ಆಟ ಮುಗಿಯಾಕ,” ಎಂದ.

ನಲವತ್ತು ಸೆಕೆಂಡು ಇತ್ತು. ನನಗೆ ಖಚಿತವಾಗಿ ಗೊತ್ತು, ಕೈಗಡಿಯಾರ ನೋಡಿ ಹೇಳಿದ್ದೆ.

ನಾನು ಬಾಯಿ ತೆರೆಯಲಿಲ್ಲ.